ಗ್ಯಾಸ್ ಸ್ಟೇಷನ್ ರಾತ್ರಿ ಪಾಳಿಗೆ ಬುಲೆಟ್‌ಪ್ರೂಫ್ ವೆಸ್ಟ್: ಹುಡುಕಿದ್ದು, ಅಳತೆ ಕೊಟ್ಟಿದ್ದು, ಕಾದಿದ್ದು

ಕೊನೆಗೂ ವೆಸ್ಟ್ ಬಂತು. ಹಿಮ ಬೀಳುತ್ತಿದ್ದಾಗ ಹುಡುಕಲು ಶುರು ಮಾಡಿದ್ದು, ಮೈಮೇಲೆ ಹಾಕಿಕೊಳ್ಳುವ ಹೊತ್ತಿಗೆ ಬೇಸಿಗೆ ಕಾಲಿಟ್ಟಿತ್ತು. ಈ ವಿಷಯದ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಗಲಿಲ್ಲ. ಇಂಗ್ಲಿಷ್‌ನಲ್ಲಿ ಸಿಗುವುದರಲ್ಲಿ ಅರ್ಧ ಜಾಹೀರಾತು, ಇನ್ನರ್ಧ ನಾಳೆಯೇ ಪ್ರಳಯ ಬರುತ್ತದೆ ಅಂತ ಕಾಯುತ್ತಾ ಕೂತವರ ಮಾತು. ಅಮೆರಿಕದಲ್ಲಿ ಗ್ಯಾಸ್ ಸ್ಟೇಷನ್ (ನಮ್ಮ ಕಡೆಯ ಪೆಟ್ರೋಲ್ ಬಂಕ್), ಮೋಟೆಲ್, ಮದ್ಯದ ಅಂಗಡಿ ನಡೆಸುವ, ಅಲ್ಲಿ ರಾತ್ರಿ ಕೆಲಸ ಮಾಡುವ ನಮ್ಮವರು ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ತಿರ. ಒಬ್ಬ ಗುಜರಾತಿ ಗೆಳೆಯನ ಜೊತೆ ಪಾಲುದಾರಿಕೆಯಲ್ಲಿ ಸಣ್ಣ ಗ್ಯಾಸ್ ಸ್ಟೇಷನ್ ಇದೆ, ಪಕ್ಕದಲ್ಲೇ ಚಿಕ್ಕ ಅಂಗಡಿ. ಈ ರಾಜ್ಯದ ಒಂದು ವಿಶೇಷ ಹೇಳಬೇಕು. ಇಲ್ಲಿ ಗಿರಾಕಿಗಳು ತಾವೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲ. 1949ರಿಂದ ಇರುವ ಕಾನೂನು. ಒರೆಗಾನ್ ಕೂಡ 2023ರಲ್ಲಿ ಸಡಿಲ ಮಾಡಿದ ಮೇಲೆ, ಪೂರ್ತಿ ನಿಷೇಧ ಉಳಿದಿರುವ ರಾಜ್ಯ ಇದೊಂದೇ. ಹಾಗಾಗಿ ಬೇರೆ ಕಡೆ ಕ್ಯಾಷಿಯರ್ ಗಾಜಿನ ಹಿಂದೆ ಕೂತಿದ್ದರೆ, ಇಲ್ಲಿ ಒಬ್ಬ ಮನುಷ್ಯ ಜೇಬಿನಲ್ಲಿ ಚಿಲ್ಲರೆ ಹಣ ಇಟ್ಟುಕೊಂಡು ರಾತ್ರಿಯಿಡೀ ಹೊರಗೆ, ಬಯಲಲ್ಲಿ ನಿಂತಿರಬೇಕು. ರಾತ್ರಿ ಪಾಳಿಯ ಹುಡುಗ ಬಿಟ್ಟು ಹೋದ ಮೇಲೆ ಆ ಮನುಷ್ಯ ನಾನೇ ಆದೆ.

ಅದೇ ಸಮಯದಲ್ಲಿ ನಮ್ಮ ರಸ್ತೆಯಲ್ಲೇ ಇನ್ನೊಂದು ಅಂಗಡಿಯಲ್ಲಿ ಪಿಸ್ತೂಲು ತೋರಿಸಿ ದರೋಡೆ ಆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ವಾರ ಪೂರ್ತಿ ಪಂಪ್ ಹತ್ತಿರ ಯಾವ ಕಾರು ಬಂದು ನಿಂತರೂ ನನ್ನ ಕಣ್ಣು ಡ್ರೈವರ್‌ನ ಕೈ ಮೇಲೆಯೇ ಇರುತ್ತಿತ್ತು. ಹೆಂಡತಿ ಒಂದೇ ಮಾತು ಹೇಳಿದಳು: "ರಾತ್ರಿ ಕೆಲಸ ಬಿಡಿ, ಇಲ್ಲಾಂದ್ರೆ ಏನಾದ್ರೂ ಮೈಮೇಲೆ ಹಾಕ್ಕೊಳ್ಳಿ." ರಾತ್ರಿ ಮುಚ್ಚಿದರೆ ಸಾಲದ ಕಂತು ಕಟ್ಟಲು ಆಗುವುದಿಲ್ಲ. ಹಾಗಾಗಿ ಎರಡನೆಯದು.

ವೆಸ್ಟ್ ವಿಷಯಕ್ಕೆ ಹೋಗುವ ಮೊದಲು ಬೇರೆ ಒಂದಿಷ್ಟು ಕೆಲಸ ಮಾಡಿದೆವು. ನನ್ನ ಪ್ರಕಾರ ಆ ದುಡ್ಡೇ ಜಾಸ್ತಿ ಕೆಲಸಕ್ಕೆ ಬಂತು. ಇಲ್ಲಿಯ ಕಾರ್ಮಿಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಓಷಾ ಅಂತ ಇದೆ. ತಡರಾತ್ರಿ ತೆರೆದಿರುವ ಅಂಗಡಿಗಳಿಗಾಗಿಯೇ ಅವರದ್ದೊಂದು ಪುಸ್ತಿಕೆ ಇದೆ, ಉಚಿತವಾಗಿ ಸಿಗುತ್ತದೆ. ಹೊರಗೆ ಬೆಳಕು ಚೆನ್ನಾಗಿರಲಿ, ಕಿಟಕಿ ತುಂಬಾ ಅಂಟಿಸಿರುವ ಪೋಸ್ಟರ್ ಕಿತ್ತುಹಾಕಿ ರಸ್ತೆಯಿಂದ ಒಳಗೆ ಕಾಣುವ ಹಾಗೆ ಮಾಡಿ, ಹಣ ಒಳಗೆ ಹಾಕಬಹುದು ಆದರೆ ಕೆಲಸದವನು ತೆಗೆಯಲಾಗದಂಥ ಡ್ರಾಪ್ ಸೇಫ್ ಇಡಿ, ಕೈಯಲ್ಲಿ ಕಡಿಮೆ ನಗದು ಇಟ್ಟುಕೊಳ್ಳಿ, ಅದನ್ನು ಬೋರ್ಡ್ ಹಾಕಿ ಎಲ್ಲರಿಗೂ ತಿಳಿಸಿ. ಇಷ್ಟೇ. ಬೀರ್ ಕಂಪನಿಯವರು ಅಂಟಿಸಿ ಹೋಗಿದ್ದ ಪೋಸ್ಟರ್‌ಗಳನ್ನು ಕಿತ್ತ ದಿನ ಅಂಗಡಿಯ ಒಳಗಿನಿಂದ ರಸ್ತೆ ಪೂರ್ತಿ ಕಂಡಿತು. ಯಾರಾದರೂ ಪಿಸ್ತೂಲು ತೋರಿಸಿದರೆ ವಾದ ಬೇಡ, ಹಣ ಕೊಟ್ಟುಬಿಡಬೇಕು. ವೆಸ್ಟ್ ಹಾಕಿದ್ದರೂ ಇದು ಬದಲಾಗುವುದಿಲ್ಲ. ಮುಖ, ಕತ್ತು, ಕೈಕಾಲು, ಹೊಟ್ಟೆಯ ಕೆಳಭಾಗ ಎಲ್ಲ ಬಯಲಲ್ಲೇ ಇರುತ್ತವೆ.

ಮೊದಲ ಪ್ರಶ್ನೆ: ನಮ್ಮಂಥ ಸಾಮಾನ್ಯರು ಇದನ್ನು ಕೊಳ್ಳಬಹುದಾ? ನಾನು ಗ್ರೀನ್ ಕಾರ್ಡ್‌ನಲ್ಲಿ ಇರುವವನು, ಕಾನೂನಿನ ವಿಷಯದಲ್ಲಿ ಸುಮ್ನೆ ತಲೆನೋವು ತಂದುಕೊಳ್ಳುವುದು ಬೇಡ ಅಂತ ಇದನ್ನೇ ಮೊದಲು ನೋಡಿದೆ. 2002ರ ಫೆಡರಲ್ ಕಾನೂನಿನ ಪ್ರಕಾರ, ಹಿಂಸೆಯ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಬಾಡಿ ಆರ್ಮರ್, ಅಂದರೆ ಮೈಮೇಲೆ ಹಾಕುವ ಇಂಥ ಕವಚ, ಇಟ್ಟುಕೊಳ್ಳುವ ಹಾಗಿಲ್ಲ. ಉಳಿದವರಿಗೆ ಅಡ್ಡಿಯಿಲ್ಲ. ನ್ಯೂಜೆರ್ಸಿಯಲ್ಲಿ ಕೊಳ್ಳಬಹುದು, ಹಾಕಿಕೊಳ್ಳಬಹುದು. ಅಪರಾಧ ಮಾಡುವಾಗ ಹಾಕಿಕೊಂಡಿದ್ದರೆ ಮಾತ್ರ ಅದೇ ಇನ್ನೊಂದು ಅಪರಾಧ ಆಗುತ್ತದೆ.

ಆದರೆ ಹಡ್ಸನ್ ನದಿ ದಾಟಿದರೆ ಕಥೆಯೇ ಬೇರೆ. ನನ್ನ ಭಾವಮೈದ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಅಂಗಡಿ ನೋಡಿಕೊಳ್ಳುತ್ತಾನೆ. ಇಬ್ಬರಿಗೂ ಒಟ್ಟಿಗೆ ಆರ್ಡರ್ ಮಾಡೋಣ ಅಂದುಕೊಂಡಿದ್ದೆವು. ಅವನ ವಿಳಾಸ ಹಾಕಿದ ತಕ್ಷಣ ಮಾರುವವರ ವೆಬ್‌ಸೈಟು ಆರ್ಡರ್ ತಡೆಯಿತು. ಬಫಲೋ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ 2022ರ ಮೇ ತಿಂಗಳಲ್ಲಿ 10 ಜನರನ್ನು ಕೊಂದವನು ಬಾಡಿ ಆರ್ಮರ್ ಹಾಕಿದ್ದ. ಅಲ್ಲಿದ್ದ ಸೆಕ್ಯುರಿಟಿಯವರು ಹೊಡೆದ ಗುಂಡು ಅವನಿಗೆ ತಾಗಿದರೂ ಆರ್ಮರ್ ತಡೆಯಿತು, ಆ ಸೆಕ್ಯುರಿಟಿಯವರೇ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ನ್ಯೂಯಾರ್ಕ್ ಕಾನೂನು ತಂದು, ಪಟ್ಟಿಯಲ್ಲಿರುವ ಕೆಲವು ವೃತ್ತಿಯವರಿಗೆ ಮಾತ್ರ ಮಾರಾಟ ಅಂತ ಮಾಡಿತು. "ನಿನ್ನ ವಿಳಾಸಕ್ಕೆ ತರಿಸಿ ಕೊಟ್ಟುಬಿಡು ಭಾವ" ಅಂದ. ಆಗಲ್ಲ ಅಂದೆ. ಎರಡು ವಾರ ಮಾತು ಬಿಟ್ಟ. ಬೇರೆ ರಾಜ್ಯದಲ್ಲಿರುವವರು ದುಡ್ಡು ಕಟ್ಟುವ ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ಕನೆಕ್ಟಿಕಟ್‌ನಲ್ಲೂ ಬೇರೆಯೇ ನಿಯಮ ಇದೆ.

ಮುಂದಿನ ಹಂತ ಯಾವ ದರ್ಜೆಯದ್ದು ಬೇಕು ಅನ್ನುವುದು. ಇಲ್ಲಿ ನನ್ನ ತಲೆ ಕೆಟ್ಟುಹೋಯಿತು. ಎನ್‌ಐಜೆ ಅಂತ ಅಮೆರಿಕದ ನ್ಯಾಯ ಇಲಾಖೆಯ ಅಂಗಸಂಸ್ಥೆ ಇದೆ. ಪೊಲೀಸರ ವೆಸ್ಟ್‌ಗಳಿಗೆ ಮಾನದಂಡ ಮಾಡುವುದು ಅವರೇ. 2008ರ ಮಾನದಂಡದಲ್ಲಿ ಟು-ಎ, ಟು, ತ್ರೀ-ಎ, ತ್ರೀ, ಫೋರ್ ಅಂತ ದರ್ಜೆಗಳಿದ್ದವು. 2023ರ ಕೊನೆಯಲ್ಲಿ ಹೊಸ ಮಾನದಂಡ ಬಂತು. ಅದರಲ್ಲಿ ಹೆಸರೇ ಬೇರೆ: ಕೈಪಿಸ್ತೂಲಿಗೆ ಎಚ್‌ಜಿ1, ಎಚ್‌ಜಿ2, ರೈಫಲ್‌ಗೆ ಆರ್‌ಎಫ್1, ಆರ್‌ಎಫ್2, ಆರ್‌ಎಫ್3. ನಾನು ಹುಡುಕುವಾಗ ಎರಡೂ ಲೇಬಲ್ ಮಾರುಕಟ್ಟೆಯಲ್ಲಿದ್ದವು. ಹೆಚ್ಚುಕಡಿಮೆ ಹಳೆಯ ಟು ಅಂದರೆ ಹೊಸ ಎಚ್‌ಜಿ1, ಹಳೆಯ ತ್ರೀ-ಎ ಅಂದರೆ ಎಚ್‌ಜಿ2, ಹಳೆಯ ಫೋರ್ ಅಂದರೆ ಆರ್‌ಎಫ್3. ಟು-ಎ ಕೈಬಿಟ್ಟಿದ್ದಾರೆ. ಇಷ್ಟು ಗೊತ್ತಿದ್ದರೆ ಸಾಕು.

ಇದರಲ್ಲಿ ಗಮನಿಸಬೇಕಾದ ದೊಡ್ಡ ಗೆರೆ ತ್ರೀ-ಎ ಮತ್ತು ತ್ರೀ ನಡುವೆ ಇದೆ. ಹೆಸರು ನೋಡಿದರೆ ಅಕ್ಕತಂಗಿ ಅನ್ನಿಸುತ್ತದೆ. ಆದರೆ ತ್ರೀ-ಎ ಮೆತ್ತಗಿನ ವೆಸ್ಟ್, .44 ಮ್ಯಾಗ್ನಮ್‌ವರೆಗಿನ ಕೈಪಿಸ್ತೂಲಿನ ಗುಂಡು ತಡೆಯುತ್ತದೆ. ರೈಫಲ್ ಗುಂಡು ಅದರ ಮೂಲಕ ನೇರವಾಗಿ ಹೋಗುತ್ತದೆ. ತ್ರೀ ಅಂದರೆ ಗಟ್ಟಿ ಪ್ಲೇಟ್, ಸೆಕೆಂಡಿಗೆ 847 ಮೀಟರ್ ವೇಗದಲ್ಲಿ ಬರುವ ರೈಫಲ್ ಗುಂಡಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ನಮ್ಮ ಸ್ಟೇಷನ್ನಿಗೆ ಪೆಟ್ರೋಲ್ ಹಾಕಿಸಲು ಬರುವ ಒಬ್ಬ ಪೊಲೀಸ್ ಇದ್ದಾರೆ. ಅವರನ್ನು ಕೇಳಿದೆ. "ದರೋಡೆಗೆ ಬರುವವನು ಸೊಂಟದಲ್ಲಿ ಅಡಗಿಸಬಹುದಾದ್ದನ್ನೇ ತರುತ್ತಾನೆ. ನೀನು ಪ್ರತಿದಿನ ಎಂಟು ಗಂಟೆ ಹಾಕಿಕೊಳ್ಳುವ ಹಾಗಿರೋದನ್ನ ತಗೋ" ಅಂದರು. ನಾನು ಓದಿದ್ದಕ್ಕೆಲ್ಲ ಆ ಒಂದು ಮಾತು ದಾರಿ ತೋರಿಸಿತು. ಅಲ್ಲಿಂದ ಮುಂದೆ ಪ್ಲೇಟ್‌ಗಳ ಕಡೆ ನೋಡುವುದನ್ನು ಬಿಟ್ಟೆ.

ಆದರೂ ಪ್ಲೇಟ್ ಬಗ್ಗೆ ಎರಡು ಮಾತು, ಯಾಕೆಂದರೆ ತುರ್ತು ಪರಿಸ್ಥಿತಿಗೆ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುವವರು ಅದನ್ನೇ ಕೊಳ್ಳುತ್ತಾರೆ. ತುಂಬಾ ಅಗ್ಗಕ್ಕೆ ಸಿಗುವುದು ಉಕ್ಕಿನ ಪ್ಲೇಟ್. ಗುಂಡು ಬಡಿದಾಗ ಸೀಸ ಮತ್ತು ತಾಮ್ರದ ಚೂರುಗಳು ಪ್ಲೇಟಿನ ಮೇಲ್ಮೈಗುಂಟ ಸಿಡಿಯುತ್ತವೆ. ಅವು ಹೋಗುವುದು ಗದ್ದ, ಕತ್ತು, ತೋಳಿನ ಕಡೆಗೆ. ಚೂರು ಹಿಡಿಯಲು ಮೇಲೆ ರಬ್ಬರಿನಂಥ ಲೇಪ ಕೊಡುತ್ತಾರೆ, ಆದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದರೆ ಲೇಪ ಉಳಿಯುವುದಿಲ್ಲ. ಸೆರಾಮಿಕ್ ಪ್ಲೇಟ್ ಗುಂಡನ್ನು ಪುಡಿ ಮಾಡುತ್ತದೆ, ಆದರೆ ನೆಲಕ್ಕೆ ಬಿದ್ದರೆ ಒಳಗೊಳಗೇ ಬಿರುಕು ಬಿಡಬಹುದು, ಹೊರಗೆ ಕಾಣಿಸುವುದಿಲ್ಲ. ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಪ್ಲೇಟ್ ತುಂಬಾ ಹಗುರ, ನೀರಿನಲ್ಲಿ ತೇಲುತ್ತದೆ, ಬಿಸಿಗೆ ಮಾತ್ರ ಆಗುವುದಿಲ್ಲ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಇಡುವ ಯೋಚನೆ ಇದ್ದವರು ಇದನ್ನು ನೆನಪಿಡಿ.

ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಒಬ್ಬರು ಎಂಜಿನಿಯರ್. ವಿಷಯ ಗೊತ್ತಾದ ಕೂಡಲೇ ಉತ್ಸಾಹದಿಂದ ಫೋನ್ ಮಾಡಿದರು. "ಅಷ್ಟೊಂದು ದುಡ್ಡು ಯಾಕೆ, ಕೆವ್ಲಾರ್ ಬಟ್ಟೆ ಗಜದ ಲೆಕ್ಕದಲ್ಲಿ ಸಿಗುತ್ತೆ. ನೆಲಕ್ಕೆ ಹಾಕೋ ಟೈಲ್ಸ್, ಫೈಬರ್‌ಗ್ಲಾಸ್, ಎಪಾಕ್ಸಿ. ಗ್ಯಾರೇಜಿನಲ್ಲೇ ಮಾಡಬಹುದು, ವಿಡಿಯೊ ಕಳಿಸ್ತೀನಿ." ಕೆವ್ಲಾರ್ ಅಂದರೆ ವೆಸ್ಟ್‌ಗೆ ಬಳಸುವ ಗಟ್ಟಿ ನೂಲು. ವಿಡಿಯೊದಲ್ಲಿ ಒಬ್ಬ ಟೈಲ್ಸ್ ಅಂಟಿಸಿದ ಹಲಗೆಗೆ ಗುಂಡು ಹೊಡೆಯುತ್ತಾನೆ, ಅದು ತಡೆಯುತ್ತದೆ, ಅವನು ನಗುತ್ತಾನೆ. ಎರಡನೇ ಗುಂಡಿಗೆ ಏನಾಗುತ್ತದೆ, ಅಂಚಿಗೆ ಬಿದ್ದರೆ ಏನಾಗುತ್ತದೆ, ಮಳೆಯಲ್ಲಿ ನೆನೆದರೆ ಏನಾಗುತ್ತದೆ ಅಂತ ತೋರಿಸುವುದಿಲ್ಲ.

ಹೋಲಿಸಲು ಎನ್‌ಐಜೆಯ ಪರೀಕ್ಷೆ ಹೇಗಿರುತ್ತದೆ ಅಂತ ಓದಿದೆ. 2008ರ ಮಾನದಂಡದಲ್ಲಿ ವೆಸ್ಟ್ ಒಳಗಿನ, ಗುಂಡು ತಡೆಯುವ ಮೆತ್ತಗಿನ ಪ್ಯಾನೆಲ್‌ಗಳನ್ನು 65 ಡಿಗ್ರಿ ಸೆಲ್ಸಿಯಸ್ ಬಿಸಿ, 80 ಪರ್ಸೆಂಟ್ ತೇವ ಇರುವ ಡ್ರಮ್ಮಿನಲ್ಲಿ ಹಾಕಿ 10 ದಿನ ಉರುಳಿಸುತ್ತಾರೆ. ಒಟ್ಟು 72,000 ಸುತ್ತು. ವರ್ಷಗಟ್ಟಲೆ ಬೆವರಿನಲ್ಲಿ ಹಾಕಿ ಸವೆಸಿದ್ದಕ್ಕೆ ಇದು ಬದಲಿ. ಆಮೇಲೆ ಗುಂಡು, ಒಂದು ಪ್ಯಾನೆಲ್ಲಿಗೆ 6. ಹಿಂದೆ ಮೇಣದಂಥ ಜೇಡಿಮಣ್ಣಿನ ಅಚ್ಚು ಇಟ್ಟಿರುತ್ತಾರೆ. ಗುಂಡು ತೂರದಿದ್ದರೂ ಆ ಮಣ್ಣಿನಲ್ಲಿ 44 ಮಿಲಿಮೀಟರಿಗಿಂತ ಆಳದ ಗುಂಡಿ ಬಿದ್ದರೆ ಫೇಲ್. ಯಾಕೆಂದರೆ ಆ ಗುಂಡಿ ಅಂದರೆ ನಮ್ಮ ಪಕ್ಕೆಲುಬು. ಗ್ಯಾರೇಜಿನಲ್ಲಿ ಮಾಡಿದ್ದಕ್ಕೆ ಈ ಪರೀಕ್ಷೆ ಯಾರು ಮಾಡುತ್ತಾರೆ? ಗೆಳೆಯರಿಗೆ ಬೇಡ ಅಂದೆ. ಅವರು ಇನ್ನೂ ಒಪ್ಪಿಲ್ಲ.

ಕೆವ್ಲಾರ್ ಬಟ್ಟೆ ತಂದು ಹೊಲಿಸಿಕೊಂಡರೆ ಆಗುವುದಿಲ್ಲವಾ ಅನ್ನುವ ಪ್ರಶ್ನೆ ನನಗೂ ಇತ್ತು. ನಮ್ಮ ಪಕ್ಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ, ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಎಂಬ ವಿಜ್ಞಾನಿ 1965ರಲ್ಲಿ ಈ ನೂಲು ಮಾಡುವ ದಾರಿ ಕಂಡುಹಿಡಿದರು. ಅದೇ ತೂಕದ ಉಕ್ಕಿಗಿಂತ 5 ಪಟ್ಟು ಗಟ್ಟಿ. ಆದರೆ ಒಂದು ಪದರ ಗುಂಡನ್ನು ನಿಲ್ಲಿಸುವುದಿಲ್ಲ. ಕಬಡ್ಡಿಯಲ್ಲಿ ರೈಡರ್‌ನ ಕಾಲಿಗೆ ಒಬ್ಬ ಬಿದ್ದ ಕೂಡಲೇ ಉಳಿದವರೆಲ್ಲ ಮುಗಿಬಿದ್ದು ಹಿಡಿಯುವ ಹಾಗೆ, ಹತ್ತಾರು ಪದರಗಳು ಸೇರಿ ಗುಂಡಿನ ವೇಗವನ್ನು ಹಂಚಿಕೊಳ್ಳಬೇಕು. ನೇಯ್ಗೆ ಎಂಥದ್ದು, ಎಷ್ಟು ಪದರ, ಹೊಲಿಗೆ ಎಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ದೋಣಿಗೆ, ಕಾರಿನ ಭಾಗಗಳಿಗೆ ಮಾರುವ ಕೆವ್ಲಾರ್ ಬಟ್ಟೆಯ ನೇಯ್ಗೆ ಬೇರೆ.

ಕೊಳ್ಳುವುದೇ ಸರಿ ಅಂತಾಯಿತು. ಆದರೆ ಎಲ್ಲಿ? ಪೊಲೀಸ್ ಯೂನಿಫಾರ್ಮ್ ಮಾರುವ ಒಂದು ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟಾಗಿನಿಂದ ಅಲ್ಲಿಯ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪೊಲೀಸ್ ಐಡಿ ಕೇಳಿದ. ಇಲ್ಲ, ಗ್ಯಾಸ್ ಸ್ಟೇಷನ್ ಅಂದೆ. "ನಾವು ಹೊರಗಿನವರಿಗೆ ಮಾರಲ್ಲ" ಅಂದ. ಕಾನೂನಿನಲ್ಲಿ ಹಾಗೇನೂ ಇಲ್ಲ, ಅದು ಅವರ ಅಂಗಡಿಯ ನಿಯಮ. ಹೊರಗೆ ಬಂದು ಕಾರಿನಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಏನೋ ತಪ್ಪು ಕೆಲಸಕ್ಕೆ ಹೊರಟವನ ಹಾಗೆ ನೋಡಿಬಿಟ್ಟರಲ್ಲ ಅಂತ ಬೇಜಾರು. ನಿಮಗೂ ಹೀಗಾಗಬಹುದು. ಮೊದಲೇ ಫೋನ್ ಮಾಡಿ, ಸಿವಿಲಿಯನ್‌ಗೆ ಮಾರುತ್ತೀರಾ ಅಂತ ಕೇಳಿ ಹೋಗಿ.

ಆನ್‌ಲೈನ್‌ನಲ್ಲಿ ನೋಡುವವರು ಈ ಪ್ಯಾರಾ ಎರಡು ಸಲ ಓದಿ. "ಎನ್‌ಐಜೆ ಮಾನದಂಡಕ್ಕೆ ಪರೀಕ್ಷಿಸಲಾಗಿದೆ" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಕಂಪನಿಯೇ ಮಾಡಿಸಿಕೊಂಡ ಪರೀಕ್ಷೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಎನ್‌ಐಜೆ ಪ್ರಮಾಣಪತ್ರ ಕೊಟ್ಟ ಮಾಡೆಲ್‌ಗಳ ಪಟ್ಟಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿದೆ. ಕಂಪನಿಯ ಹೆಸರು ಇದ್ದರೆ ಸಾಲದು, ನೀವು ಕೊಳ್ಳುವ ಮಾಡೆಲ್ ನಂಬರ್ ಅಕ್ಷರ ಅಕ್ಷರ ಅಲ್ಲಿ ಇರಬೇಕು. ನನಗೆ ಇಷ್ಟವಾಗಿದ್ದ, ಬೆಲೆಯೂ ಕಡಿಮೆಯಿದ್ದ ವೆಸ್ಟ್ ಆ ಪಟ್ಟಿಯಲ್ಲಿ ಇರಲಿಲ್ಲ. ಮಾರುವವರಿಗೆ ಇಮೇಲ್ ಬರೆದೆ. ಉತ್ತರದಲ್ಲಿ ಒಂದು ಗುಂಡು ಹೊಡೆಯುವ ವಿಡಿಯೊದ ಲಿಂಕ್ ಬಂತು. ಅಲ್ಲಿಗೆ ಬಿಟ್ಟೆ.

ಹಳೆಯ ಪೊಲೀಸ್ ವೆಸ್ಟ್‌ಗಳು ಹರಾಜಿನಲ್ಲಿ ನೂರು ಡಾಲರ್ ಒಳಗೇ ಸಿಗುತ್ತವೆ. ನಮ್ಮ ಪಾಲುದಾರನಿಗೆ ಅದರ ಮೇಲೆ ಬಹಳ ಆಸೆ. ಮೆತ್ತಗಿನ ವೆಸ್ಟ್‌ಗೆ ಸಾಮಾನ್ಯವಾಗಿ 5 ವರ್ಷದ ವಾರಂಟಿ. ಆಮೇಲೆ ಬೆವರು, ತೇವ, ಬಿಸಿಲು, ಮಡಿಕೆ ಅದನ್ನು ಎಷ್ಟು ತಿಂದಿವೆ ಅಂತ ಕಣ್ಣಿಗೆ ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣವೂ ಇದೆ. ಜೈಲಾನ್ ಎಂಬ ನೂಲಿನಿಂದ ಮಾಡಿದ ವೆಸ್ಟ್‌ಗಳು ಒಂದು ಕಾಲದಲ್ಲಿ ತುಂಬಾ ಮಾರಾಟವಾಗಿದ್ದವು. 2003ರಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್ ಎಂಬಲ್ಲಿ, ತಡೆಯಬೇಕಾಗಿದ್ದ ಗುಂಡೇ ಅಂಥ ವೆಸ್ಟ್ ತೂರಿ ಒಬ್ಬ ಪೊಲೀಸ್ ಗಾಯಗೊಂಡರು. ವಾರಂಟಿ ಇನ್ನೂ ಮುಗಿದಿರಲಿಲ್ಲ. ಬಿಸಿ ಮತ್ತು ತೇವಕ್ಕೆ ಆ ನೂಲು ಬೇಗ ಹಾಳಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. 2005ರಲ್ಲಿ ಎನ್‌ಐಜೆ ಜೈಲಾನ್ ವೆಸ್ಟ್‌ಗಳ ಮಾನ್ಯತೆ ತೆಗೆಯಿತು. ಅವು ಹರಾಜಿನಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಕಾಣಿಸುತ್ತವೆ. ಪಾಲುದಾರನಿಗೆ ಇದನ್ನು ಓದಿಸಿದ ಮೇಲೆ ಸುಮ್ಮನಾದ.

ಇನ್ನೊಂದು ಅಂಗಡಿ ಸಿಕ್ಕಿತು, ಸ್ವಲ್ಪ ದೂರ. ಅಲ್ಲಿಯ ಹೆಂಗಸು ನಾನು ಯಾರು ಅಂತ ಕೇಳುವ ಮೊದಲು ಟೇಪ್ ಹಿಡಿದು ನಿಂತರು. ಎದೆ ಸುತ್ತಳತೆ, ಹೊಕ್ಕುಳ ಹತ್ತಿರದ ಸುತ್ತಳತೆ, ಕತ್ತಿನ ಕೆಳಗಿನ ಕುಳಿಯಿಂದ ಬೆಲ್ಟ್‌ವರೆಗಿನ ಉದ್ದ. ಉದ್ದವನ್ನು ನಿಂತಾಗ ಒಮ್ಮೆ, ಕುರ್ಚಿಯಲ್ಲಿ ಕೂತಾಗ ಒಮ್ಮೆ ತೆಗೆದರು. ಕೂತಾಗಿನ ಅಳತೆ ಮುಖ್ಯವಂತೆ. ಮುಂದಿನ ಪ್ಯಾನೆಲ್ ಬೆಲ್ಟ್‌ಗಿಂತ ಎರಡು ಮೂರು ಬೆರಳು ಮೇಲೇ ಮುಗಿಯಬೇಕು. ಇಲ್ಲದಿದ್ದರೆ ಕೂತ ಕೂಡಲೇ ಅದು ಮೇಲೆ ಜರುಗಿ ಗಂಟಲಿಗೆ ಒತ್ತುತ್ತದೆ. ಪಕ್ಕೆಯಲ್ಲಿ ಮುಂದಿನ ಪ್ಯಾನೆಲ್ ಹಿಂದಿನದರ ಮೇಲೆ ಸ್ವಲ್ಪ ಕೂರಬೇಕು, ಸಂದು ಬಿಡಬಾರದು. ದೊಡ್ಡದಾದರೆ ಇನ್ನೂ ಒಳ್ಳೆಯದಲ್ವಾ ಅಂದೆ. "ಕಂಕುಳ ಹತ್ತಿರ ಬಾಯಿ ಬಿಡುತ್ತೆ, ಗುಂಡಿಗೆ ಅಷ್ಟು ಸಾಕು" ಅಂದರು.

ದಾಖಲೆ ಅಂತ ಕೇಳಿದ್ದು ಡ್ರೈವಿಂಗ್ ಲೈಸೆನ್ಸ್ ಮಾತ್ರ. ಜೊತೆಗೆ ಒಂದು ಹಾಳೆಗೆ ಸಹಿ: ನನಗೆ 18 ತುಂಬಿದೆ, ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿಲ್ಲ ಅಂತ. ಗ್ರೀನ್ ಕಾರ್ಡ್ ಕೇಳಲಿಲ್ಲ. ನಾನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ.

ಚಾಕುವಿನ ಪ್ರಶ್ನೆಯೂ ಅಲ್ಲೇ ಎದ್ದಿತು. ಗುಂಡು ತಡೆಯುವ ಮೆತ್ತಗಿನ ವೆಸ್ಟ್ ಚಾಕು ತಡೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಗೀರಿದರೆ ತಡೆಯಬಹುದು. ಚೂಪಾದ ತುದಿಯಿಂದ ಜೋರಾಗಿ ಚುಚ್ಚಿದರೆ ನೂಲುಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಅದಕ್ಕೆ ಎನ್‌ಐಜೆಯದ್ದೇ ಬೇರೆ ಮಾನದಂಡ ಇದೆ. ಎರಡನ್ನೂ ತಡೆಯುವ ವೆಸ್ಟ್ ಸಿಗುತ್ತದೆ, ಆದರೆ ಅದು ದಪ್ಪ, ಗಟ್ಟಿ, ಬೆಲೆಯೂ ಜಾಸ್ತಿ. ಮೈಗೆ ಹಾಕಿ ನೋಡಿದೆ. ಬಗ್ಗಿ ಕಾರಿನ ಟ್ಯಾಂಕಿಗೆ ನಳಿಕೆ ಹಾಕುವುದು ಕಷ್ಟ ಅನ್ನಿಸಿತು. ಬರೀ ಗುಂಡಿನದ್ದೇ ತಗೊಂಡೆ.

ಬೆಲೆ ಹೇಳುತ್ತೇನೆ. ಪ್ಯಾನೆಲ್‌ಗಳು ಮತ್ತು ಒಂದು ಕ್ಯಾರಿಯರ್ ಸೇರಿ ಸುಮಾರು 650 ಡಾಲರ್. ಕ್ಯಾರಿಯರ್ ಅಂದರೆ ಪ್ಯಾನೆಲ್‌ಗಳನ್ನು ಒಳಗೆ ಹಾಕಿಕೊಳ್ಳುವ ಬಟ್ಟೆಯ ಕವಚ. ಒಗೆಯಲು ಹಾಕಿದಾಗ ಬೇಕಾಗುತ್ತದೆ ಅಂತ ಇನ್ನೊಂದು ಕ್ಯಾರಿಯರ್, ಸುಮಾರು 90. ಕೊರಿಯರ್ ಖರ್ಚು ಬೇರೆ. ಒಂದು ಸೈಜು ದೊಡ್ಡ ಶರ್ಟುಗಳನ್ನೂ ಕೊಳ್ಳಬೇಕಾಯಿತು, ಅದು ಲೆಕ್ಕದಲ್ಲೇ ಇರಲಿಲ್ಲ. ಅಳತೆಗೆ ಮಾಡಿಸಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂತ ಬಿಲ್ಲಿನ ಮೇಲೇ ಬರೆದಿದ್ದರು. ಹಣ ಪೂರ್ತಿ ಮುಂಗಡ.

ಆಮೇಲೆ ಕಾಯುವುದು. ಆರು ವಾರ ಅಂದಿದ್ದರು. ಆರು ವಾರ ಆದ ಮೇಲೆ, ಬಟ್ಟೆ ಬಂದಿಲ್ಲ, ಇನ್ನೂ ತಡ ಅಂತ ಇಮೇಲ್. ಅಂಗಡಿಯ ಹೆಂಗಸು ಒಳ್ಳೆಯವರು, ಆದರೆ ತಯಾರಿಸುವುದು ಅವರಲ್ಲವಲ್ಲ. ಪೊಲೀಸ್ ಇಲಾಖೆಗಳ ದೊಡ್ಡ ಆರ್ಡರ್ ಬಂದರೆ ನಮ್ಮಂಥ ಒಂಟಿ ಗಿರಾಕಿ ಸಾಲಿನಲ್ಲಿ ಹಿಂದೆ ಹೋಗುತ್ತಾನೆ. ಆ ದಿನಗಳಲ್ಲಿ ಹೆದರಿಕೆ ಜಾಸ್ತಿಯಾಯಿತು. ದುಡ್ಡು ಕೊಟ್ಟಾಗಿದೆ, ವಸ್ತು ಬಂದಿಲ್ಲ, ಇವತ್ತೇ ಏನಾದರೂ ಆಗಿಬಿಟ್ಟರೆ ಅನ್ನುವ ಯೋಚನೆ. ಹೆಂಡತಿ ದಿನಾ ಬೆಳಿಗ್ಗೆ ನಾನು ಮನೆಗೆ ಬರುವವರೆಗೂ ಎದ್ದೇ ಇರುತ್ತಿದ್ದಳು. ಕೊನೆಗೆ ಬಂದಾಗಲೂ ಸಹಿ ಮಾಡಲು ಮನೆಯಲ್ಲಿ ಯಾರೂ ಇಲ್ಲ ಅಂತ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ನಾನು ರಾತ್ರಿ ಪಾಳಿ ಮುಗಿಸಿ ಒಳಗೆ ಮಲಗಿದ್ದೆ! ವೆಸ್ಟ್ ಆರ್ಡರ್ ಮಾಡುವವರು ಅಂಗಡಿಯ ವಿಳಾಸ ಕೊಡಿ.

ಡಬ್ಬ ತೆರೆದ ಮೇಲೆ ನೋಡಬೇಕಾದ್ದು ಲೇಬಲ್. ಮಾಡೆಲ್ ನಂಬರ್, ದರ್ಜೆ, ಸೈಜು, ಸೀರಿಯಲ್ ನಂಬರ್, ತಯಾರಾದ ದಿನ ಎಲ್ಲ ಇರಬೇಕು. ದಿನಾಂಕ ಹೊಸದಾ ನೋಡಿ, ವರ್ಷಗಟ್ಟಲೆ ಗೋದಾಮಿನಲ್ಲಿ ಕೂತಿದ್ದನ್ನು ಕಳಿಸಿರಬಹುದು. ಪ್ಯಾನೆಲ್‌ನ ಯಾವ ಮುಖ ಮೈ ಕಡೆ ಬರಬೇಕು ಅಂತ ಅದರ ಮೇಲೇ ಬರೆದಿರುತ್ತದೆ. ತಿರುಗಿಸಿ ಹಾಕಬಾರದು. ಲೇಬಲ್ಲಿನ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಂಡೆ.

ಮೊದಲ ರಾತ್ರಿ ಹಾಕಿಕೊಂಡಾಗ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಬೆವರು. ತೂಕ ಎರಡೂವರೆ ಕೆಜಿ ಅಷ್ಟೇ, ಆದರೆ ಗಾಳಿ ಆಡುವುದಿಲ್ಲ. ನ್ಯೂಜೆರ್ಸಿಯ ಬೇಸಿಗೆ ನಮ್ಮ ಮಂಗಳೂರಿನದ್ದೇ ಸೆಕೆ. ಬೆಳಗಿನ ಜಾವಕ್ಕೆ ಬೆನ್ನು ತುರಿಕೆ, ಭುಜ ನೋವು. ಕಾಟನ್ ಬನಿಯನ್ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಓಟಗಾರರು ಹಾಕುವ, ಬೇಗ ಒಣಗುವ ಟೀ ಶರ್ಟನ್ನು ಒಳಗೆ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಭುಜದ ವೆಲ್ಕ್ರೋ ಪಟ್ಟಿಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ಒಂದಷ್ಟು ದಿನ ನಡೆಯಿತು. ಅದು ಮೈಗೆ ಕೂರಲು ಸಮಯ ಬೇಕು. ಹಾಸನದಿಂದ ಅಮ್ಮ ವಿಡಿಯೊ ಕಾಲ್ ಮಾಡಿದಾಗ "ದಪ್ಪ ಆಗಿದ್ದೀಯಲ್ಲೋ" ಅಂದರು. ಹೌದಮ್ಮ, ರಾತ್ರಿ ಪಿಜ್ಜಾ ತಿಂದು ಅಂದೆ.

ಪ್ಯಾನೆಲ್‌ಗಳನ್ನು ವಾಷಿಂಗ್ ಮಷೀನಿಗೆ ಹಾಕಲೇಬಾರದು. ಕ್ಯಾರಿಯರ್‌ನಿಂದ ಹೊರಗೆ ತೆಗೆದು, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಚಪ್ಪಟೆಯಾಗಿ ಇಟ್ಟು ಒಣಗಿಸಬೇಕು. ಬ್ಲೀಚು, ಇಸ್ತ್ರಿ ಬೇಡ. ಸಾದಾ ಹ್ಯಾಂಗರಿಗೆ ನೇತು ಹಾಕಿದರೆ ಕಾಲಕ್ರಮೇಣ ಒಳಗಿನ ಪದರಗಳು ಸುಕ್ಕಾಗಿ ಜಗ್ಗುತ್ತವೆ. ಪ್ಯಾನೆಲ್‌ನ ಸೀಲ್ ಮಾಡಿದ ಹೊದಿಕೆ ಹರಿದರೆ ತೇವ ಒಳಗೆ ಹೋಗುತ್ತದೆ. ಆಗ ತಯಾರಿಸಿದವರಿಗೇ ಕಳಿಸಬೇಕು, ಟೇಪ್ ಅಂಟಿಸಿ ಮುಂದುವರಿಸಬೇಡಿ. ಒಂದು ಸಲ ಗುಂಡು ತಾಗಿದ ವೆಸ್ಟ್ ಮತ್ತೆ ಹಾಕಬಾರದು. ಗುಂಡು ತೂರದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ಪೆಟ್ಟಾಗಿರುತ್ತದೆ.

ಮಕ್ಕಳ ಶಾಲೆಯ ಬ್ಯಾಗಿಗೆ ಹಾಕುವ ಬುಲೆಟ್‌ಪ್ರೂಫ್ ಹಾಳೆ ತಗೊಳ್ಳಬಹುದಾ ಅಂತ ಇಬ್ಬರು ಮೂವರು ತಾಯಂದಿರು ಕೇಳಿದ್ದಾರೆ. ಆಗಸ್ಟ್ ಬಂದರೆ ಅದರ ಜಾಹೀರಾತು ಶುರು. ನಾನು ನೋಡಿದವುಗಳಲ್ಲಿ ಹೆಚ್ಚಿನವು ತ್ರೀ-ಎ ದರ್ಜೆಯವು, ಅಂದರೆ ರೈಫಲ್ ತಡೆಯುವುದಿಲ್ಲ. ಬ್ಯಾಗು, ಕಂಬಳಿ, ಫೈಲುಗಳಿಗೆ ಎನ್‌ಐಜೆ ಪ್ರಮಾಣಪತ್ರ ಕೊಡುವುದೇ ಇಲ್ಲ, ಅವರ ಕೆಲಸ ಪೊಲೀಸರ ಮೈಮೇಲಿನ ಆರ್ಮರ್‌ಗೆ ಮಾತ್ರ. ಹಾಗಾಗಿ ಬ್ಯಾಗಿನ ಮೇಲೆ "ಎನ್‌ಐಜೆ ಸರ್ಟಿಫೈಡ್" ಅಂತ ಇದ್ದರೆ ನಂಬಬೇಡಿ. ನಾನು ನನ್ನ ಮಗಳಿಗೆ ತಗೊಂಡಿಲ್ಲ. ಮಗು ತರಗತಿಯಲ್ಲಿ ಕೂತಿರುವಾಗ ಬ್ಯಾಗು ಮೂಲೆಯಲ್ಲೋ ಲಾಕರಿನಲ್ಲೋ ಇರುತ್ತದೆ.

ಹೆಂಗಸರು ಕೊಳ್ಳುವುದಾದರೆ ಎಲ್ಲರಿಗೂ ಆಗುತ್ತೆ ಅನ್ನುವ ವೆಸ್ಟ್ ಬೇಡ. ಸಂಜೆ ಹೊತ್ತು ಕ್ಯಾಷ್ ಕೌಂಟರಿನಲ್ಲಿ ನನ್ನ ಹೆಂಡತಿ ಇರುತ್ತಾಳೆ. ನನ್ನದನ್ನೇ ಅವಳಿಗೆ ಹಾಕಿ ನೋಡಿದೆವು, ಕಂಕುಳ ಹತ್ತಿರ ಒಂದು ಅಂಗೈ ಸಂದು. ಹೆಂಗಸರ ಮೈಯಳತೆಗೆ ಬಾಗಿಸಿ ಮಾಡಿದ ಪ್ಯಾನೆಲ್‌ಗಳು ಬೇರೆಯೇ ಬರುತ್ತವೆ, ಹೊಸ ಮಾನದಂಡದಲ್ಲಿ ಅವುಗಳನ್ನು ಪರೀಕ್ಷಿಸುವ ಕ್ರಮವನ್ನೂ ಸುಧಾರಿಸಿದ್ದಾರೆ. ಅವಳದ್ದಕ್ಕೆ ಅದೇ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿದ್ದೇವೆ. ಎಂಟು ವಾರ ಅಂದಿದ್ದಾರೆ. ಈ ಸಲ ಅಂಗಡಿಯ ವಿಳಾಸವನ್ನೇ ಬರೆಸಿದ್ದೇವೆ.